ಈ ಸಾರಜನಕ ಯಾರ ಮನೆಯದು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕೇಪ್ ಕಾಡ್‌ನಲ್ಲಿ ನದಿ ಎಂದು ಬೋರ್ಡು ಹಾಕಿಸಿಕೊಂಡಿರುವ ಹಲವನ್ನು ನಮ್ಮ ಉತ್ತರ ಕನ್ನಡದಲ್ಲಿ ಹಳ್ಳ ಎನ್ನಲೂ ಜನ ಹಿಂದೆಮುಂದೆ ನೋಡಿಯಾರು. ಹುಟ್ಟಿದಲ್ಲಿಂದ ಕಡಲಿಗೆ ಕೆಲವೇ ಮೈಲಿ. ಅದರಲ್ಲೂ ಕೊನೆಯ ಭಾಗಕ್ಕೆ ಉಬ್ಬರದ ಹೊತ್ತಿನಲ್ಲಿ ಉಪ್ಪುನೀರು ನುಗ್ಗುತ್ತದೆ. ಹಾಗಂತ ಅಲ್ಲಿ ಮಳೆಗೆ ಬರವಿಲ್ಲ. ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಮೇಲೆ ಬೀಳುತ್ತದೆ, ನಮ್ಮಲ್ಲಿಯ ಹಾಗೆ ನಾಲ್ಕು ತಿಂಗಳಲ್ಲಿ ಸುರಿದು ಕೈತೊಳೆದುಕೊಳ್ಳದೆ ವರ್ಷವಿಡೀ ಹಂಚಿ ಬೀಳುತ್ತದೆ. ಬಿದ್ದ ನೀರು ಹರಿಯುವುದಿಲ್ಲ, ಇಂಗುತ್ತದೆ. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಇಲ್ಲಿಯವರೆಗೂ ಚಾಚಿಕೊಂಡಿದ್ದ ಹಿಮರಾಶಿ ಕರಗಿ ಹಿಂದೆ ಸರಿಯುವಾಗ ಬಿಟ್ಟುಹೋದ ಮರಳು, ಗರಸು, ಕಲ್ಲುಗುಂಡುಗಳೇ ಈ ನೆಲ. ಬಕೆಟ್ ನೀರು ಸುರಿದರೆ ಕಣ್ಣೆದುರೇ ಮಾಯವಾಗುತ್ತದೆ. ಹಾಗಾಗಿ ಇಲ್ಲಿಯ ನಿಜವಾದ ನದಿ ನೆಲದಡಿಯಲ್ಲಿದೆ. ದಿನಕ್ಕೆ ಒಂದು ಅಡಿ, ಹೆಚ್ಚೆಂದರೆ ಎರಡು ಅಡಿಯ ಲೆಕ್ಕದಲ್ಲಿ ಮರಳಿನ ಸಂದಿಗಳಲ್ಲಿ ತೆವಳುತ್ತ ಸುತ್ತಲಿನ ಕೊಲ್ಲಿ, ಅಳಿವೆಗಳಿಗೆ ಹೋಗಿ ಸೇರುತ್ತದೆ. ಮೇಲಿರುವ ಜನ ನೆಲಕ್ಕೆ ಏನು ಬಿಟ್ಟರೂ ಅದಕ್ಕೂ ಅದೇ ದಾರಿ.

ನಾವು ಹೋದದ್ದು ಬೇಸಿಗೆಯ ಕೊನೆಯಲ್ಲಿ, ಅಕ್ಕನ ಮಗನ ಕಾರಿನಲ್ಲಿ. ಅವನ ಮನೆ ವೂಸ್ಟರ್ ಪಕ್ಕದ ಒಂದು ಊರಿನಲ್ಲಿ. ಬಾಸ್ಟನ್ ಸುತ್ತಮುತ್ತ ಕೆಲಸ ಮಾಡುವ ಕನ್ನಡಿಗರ ದೊಡ್ಡ ಬಳಗವೇ ಆ ಕಡೆಯ ಊರುಗಳಲ್ಲಿದೆ. ವಾರಾಂತ್ಯದಲ್ಲಿ ಕಡಲತಡಿಗೆ ಹೋಗುವುದು ಅವರಿಗೆಲ್ಲ ವಾಡಿಕೆ. ನನ್ನ ಸೋದರಳಿಯನಿಗೆ ಕೇಪ್ ಕಾಡ್‌ನಲ್ಲಿ ಒಂದು ಬೇಸಿಗೆ ಮನೆ ಕೊಳ್ಳುವ ಆಸೆ. ನನಗಿದ್ದ ಆಸೆಯೇ ಬೇರೆ: ಫಾಲ್ಮತ್ ಮತ್ತು ಮ್ಯಾಶ್‌ಪೀ ಎಂಬ ಎರಡು ಊರುಗಳ ನಡುವೆ ಸಿಕ್ಕಿಕೊಂಡಿರುವ ವಾಕ್ವಾಯ್ಟ್ ಎಂಬ ಕೊಲ್ಲಿಯನ್ನು ನೋಡುವುದು. 1935ರಲ್ಲಿ ಕಟ್ಟಿದ ಬೋರ್ನ್ ಸೇತುವೆಯ ಮೇಲೆ ಕಾಲುವೆ ದಾಟಿ, ಕುಳ್ಳು ಪೈನ್ ಮತ್ತು ಓಕ್ ಮರಗಳ ನಡುವಿನ ರಸ್ತೆ ಹಿಡಿದಾಗ ಅವನು ಕೇಳಿದ, "ಮಾವ, ಅಲ್ಲಿ ನೋಡುವುದಕ್ಕೆ ಏನಿದೆ?" ಪಾಚಿ ಇದೆ ಎಂದೆ. ಅವನು ಹೆಂಡತಿಯ ಮುಖ ನೋಡಿದ.

ಅವನ ಹೆಂಡತಿಯ ಗೆಳತಿಯೊಬ್ಬರು ಆ ಕಡೆಯ ಪ್ರಯೋಗಾಲಯವೊಂದರಲ್ಲಿ ನೀರಿನ ರಸಾಯನ ಓದುತ್ತಿದ್ದಾರೆ. ಶಿರಸಿ ಕಡೆಯವರು. ಅವರೇ ನಮಗೆ ದಾರಿ ತೋರಿಸಲು ಒಪ್ಪಿದ್ದರು. ಕೊಲ್ಲಿಯ ತಲೆಯ ಭಾಗದಲ್ಲಿ, ದಿಬ್ಬದ ಮೇಲೆ ಹಳೆಯ ಎಸ್ಟೇಟ್ ಮನೆಯೊಂದಿದೆ. ವಾಕ್ವಾಯ್ಟ್ ಕೊಲ್ಲಿ ರಾಷ್ಟ್ರೀಯ ಅಳಿವೆ ಸಂಶೋಧನಾ ಕ್ಷೇತ್ರದ ಕಚೇರಿ ಅಲ್ಲಿಯೇ. ಈ ಕ್ಷೇತ್ರ 1988ರಲ್ಲಿ ಆರಂಭವಾಯಿತು. ದಿಬ್ಬದಿಂದ ಕೆಳಗೆ ನೋಡಿದರೆ ಕೊಲ್ಲಿ ಚೊಕ್ಕವಾಗಿ ಕಾಣುತ್ತದೆ: ನೀಲಿ ನೀರು, ಬಿಳಿ ಹಾಯಿದೋಣಿಗಳು, ಆಚೆ ವಾಶ್‌ಬರ್ನ್ ದ್ವೀಪದ ಕಾಡು. ಆಳ ಸರಾಸರಿ ಒಂದು ಮೀಟರಿನ ಆಸುಪಾಸು. ಬಿಸಿಲು ತಳಮುಟ್ಟುವಷ್ಟು ತೆಳು ನೀರು. ಅಂಥ ನೀರಿನಲ್ಲಿ ಬೆಳೆಯಬೇಕಾದದ್ದು ಈಲ್‌ಗ್ರಾಸ್ ಎಂಬ ಕಡಲಹುಲ್ಲು. ರಿಬ್ಬನ್ನಿನಷ್ಟು ಸಪೂರ ಎಲೆ, ಮಣ್ಣಿನಲ್ಲಿ ಬೇರು, ನೀರಿನೊಳಗೇ ಹೂವು. ಬೇ ಸ್ಕಾಲಪ್ ಎಂಬ ಚಿಪ್ಪುಜೀವಿಯ ಮರಿಗಳು ಈ ಹುಲ್ಲಿನ ಎಲೆಗಳಿಗೆ ಜೋತುಕೊಂಡೇ ದೊಡ್ಡವಾಗಬೇಕು. 1950ರ ದಶಕದಲ್ಲಿ ಕೊಲ್ಲಿಯ ತಳದ ಬಹುಭಾಗವನ್ನು ಈ ಹುಲ್ಲು ಹೊದೆದಿತ್ತು. ಶತಮಾನ ಮುಗಿಯುವ ಹೊತ್ತಿಗೆ ಮುಖ್ಯ ಕೊಲ್ಲಿಯಿಂದ ಹೆಚ್ಚುಕಡಿಮೆ ಮಾಯವಾಗಿತ್ತು. ಅದರ ಬೆನ್ನಿಗೇ ಸ್ಕಾಲಪ್ ಕೂಡ.

ಹುಲ್ಲಿನ ಜಾಗಕ್ಕೆ ಏನು ಬಂದಿದೆ ಎಂದು ನೋಡಲು ನಾವು ಪಶ್ಚಿಮ ಬದಿಯ ಚೈಲ್ಡ್ಸ್ ನದಿಯ ಕಡೆ ಹೋದೆವು. ಎರಡೂ ದಡಕ್ಕೆ ಮನೆಗಳ ಸಾಲು. ಪ್ರತಿ ಮನೆಗೂ ಕತ್ತರಿಸಿ ಸಮ ಮಾಡಿದ ಹುಲ್ಲುಹಾಸು, ಪ್ರತಿ ಹುಲ್ಲುಹಾಸಿನ ತುದಿಗೆ ದೋಣಿ ಕಟ್ಟುವ ಮರದ ಅಟ್ಟಣೆ. ಶಿರಸಿಯವರು ಒಂದು ಉದ್ದ ಹಿಡಿಯ ಕುಂಟೆಯನ್ನು ನೀರಿಗಿಳಿಸಿ ತಳ ಬಾಚಿ ಮೇಲೆತ್ತಿದರು. ಬಂದದ್ದು ಹಸಿರು ನೂಲಿನ ಸಿಕ್ಕು, ತೋಳಲ್ಲಿ ಹಿಡಿಯಲಾಗದಷ್ಟು. ಕ್ಲಾಡೊಫೊರ. ನಡುನಡುವೆ ಕಂದುಗೆಂಪು ಕಡ್ಡಿಗಳ ಹಾಗೆ ಗ್ರಾಸಿಲೇರಿಯ, ಅಗರ್ ತೆಗೆಯುವ ಜಾತಿಯದು. ಅಡಿಭಾಗದ ಪಾಚಿ ಕಪ್ಪಾಗಿತ್ತು, ಕೊಳೆತ ಮೊಟ್ಟೆಯ ವಾಸನೆ ಬಂತು. ಸೋದರಳಿಯ ಎರಡು ಹೆಜ್ಜೆ ಹಿಂದೆ ಸರಿದ.

"ಇದು ವಿಷವೇನಲ್ಲ ಸರ್," ಎಂದರು ಅವರು. "ಇದಕ್ಕೆ ಊಟ ಜಾಸ್ತಿ ಸಿಕ್ಕಿದೆ, ಅಷ್ಟೆ." ಸಮುದ್ರದ ನೀರಿನಲ್ಲಿ ಪಾಚಿಯ ಬೆಳವಣಿಗೆಗೆ ಸಾಮಾನ್ಯವಾಗಿ ಕೊರತೆಯಾಗುವುದು ಸಾರಜನಕ. ಅದನ್ನು ಯಾರಾದರೂ ತಂದು ಸುರಿದರೆ, ನಿಧಾನ ಬೆಳೆಯುವ ಹುಲ್ಲಿಗಿಂತ ಬೇಗ ಬೆಳೆಯುವ ಪಾಚಿಗೆ ಸುಗ್ಗಿ. ಪಾಚಿ ದಪ್ಪವಾದಷ್ಟೂ ಕೆಳಗಿನ ಹುಲ್ಲಿಗೆ ಬಿಸಿಲಿಲ್ಲ. ಸೆಕೆಗಾಲದಲ್ಲಿ ಎರಡು ಮೂರು ದಿನ ಮೋಡ ಕವಿಯಿತೆಂದರೆ ಇನ್ನೊಂದು ಅನಾಹುತ. ಹಗಲು ಪಾಚಿ ಆಮ್ಲಜನಕ ಬಿಡುವುದು ಕಡಿಮೆಯಾಗುತ್ತದೆ, ರಾತ್ರಿ ಅದೂ ಉಳಿದವೂ ಉಸಿರಾಡುವುದು ನಿಲ್ಲುವುದಿಲ್ಲ. ಬೆಳಗಿನ ಜಾವಕ್ಕೆ ನೀರಿನಲ್ಲಿ ಆಮ್ಲಜನಕ ಖಾಲಿ. ವಾಕ್ವಾಯ್ಟ್ ದಡದಲ್ಲಿ ಸತ್ತ ಮೀನು, ಏಡಿಗಳು ರಾಶಿ ಬಿದ್ದ ಬೆಳಗುಗಳು ಆಗಿಹೋಗಿವೆ.

ಸಾರಜನಕ ಜಾಸ್ತಿ ಎನ್ನುವುದರಲ್ಲಿ ಯಾರಿಗೂ ತಕರಾರಿರಲಿಲ್ಲ. ತಕರಾರಿದ್ದದ್ದು ಯಾರದು ಎಂಬಲ್ಲಿ. ಹುಲ್ಲುಹಾಸಿನ ಗೊಬ್ಬರ ಎಂದವರಿದ್ದರು. ಕ್ರ್ಯಾನ್‌ಬೆರಿ ಗದ್ದೆಗಳ ಕಡೆ ಬೊಟ್ಟು ಮಾಡಿದವರಿದ್ದರು. ಪಶ್ಚಿಮದ ಕಾರ್ಖಾನೆ, ವಿದ್ಯುತ್ ಸ್ಥಾವರಗಳ ಹೊಗೆ ಮಳೆಯಾಗಿ ಇಳಿಯುತ್ತದೆ ಎಂಬ ವಾದವೂ ಹುಸಿಯಲ್ಲ. ಮತ್ತೆ ಮನೆಗಳ ಹಿತ್ತಲಿನಲ್ಲಿ ಹೂತಿಟ್ಟ ಸೆಪ್ಟಿಕ್ ಟ್ಯಾಂಕುಗಳು. ಕೇಪ್ ಕಾಡ್‌ನ ಬಹುತೇಕ ಮನೆಗಳಿಗೆ ಇಂದಿಗೂ ಒಳಚರಂಡಿ ಇಲ್ಲ. ಶೌಚದ, ಸ್ನಾನದ, ಅಡುಗೆಮನೆಯ ನೀರು ಟ್ಯಾಂಕಿಗೆ ಹೋಗಿ, ಗಟ್ಟಿ ಕೆಳಗೆ ಕೂತು, ತಿಳಿ ಮರಳಿಗೆ ಇಳಿಯುತ್ತದೆ. ಮರಳು ರೋಗಾಣುಗಳನ್ನು ಬಹುಮಟ್ಟಿಗೆ ಸೋಸುತ್ತದೆ, ರಂಜಕವನ್ನೂ ಹಿಡಿದುಕೊಳ್ಳುತ್ತದೆ. ನೈಟ್ರೇಟ್ ಮಾತ್ರ ನೀರಿನ ಜೊತೆ ಸಲೀಸಾಗಿ ಸಾಗುತ್ತದೆ. ಸೋದರಳಿಯನಿಗೆ ಇದನ್ನು ನಂಬಲು ಸ್ವಲ್ಪ ಹೊತ್ತು ಹಿಡಿಯಿತು. "ಇಷ್ಟು ಬೆಲೆಬಾಳುವ ಮನೆಗಳಿಗೆ ಪಿಟ್ಟೇ ಗತಿಯಾ?" ಎಂದ. ಆಮೇಲೆ ಮೊಬೈಲಿನಲ್ಲಿ ಮನೆ ಮಾರಾಟದ ಜಾಹೀರಾತು ತೆಗೆದು ನೋಡಿದ. ಮೂರು ಮಲಗುಕೋಣೆಯ ಸೆಪ್ಟಿಕ್ ಎಂದು ಬರೆದಿತ್ತು. ಮ್ಯಾಸಚೂಸೆಟ್ಸ್ ರಾಜ್ಯದ ನಿಯಮದಲ್ಲಿ ಟ್ಯಾಂಕಿನ ಅಳತೆ ಮಲಗುಕೋಣೆಯ ಲೆಕ್ಕದಲ್ಲಿ: ಒಂದಕ್ಕೆ ದಿನಕ್ಕೆ 110 ಗ್ಯಾಲನ್.

ಯಾರದು ಎಂಬ ಪ್ರಶ್ನೆಗೆ ಉತ್ತರ ಸಾರಜನಕದ ಒಳಗೇ ಇದೆ. ಸಾರಜನಕದಲ್ಲಿ ಕೆಡದೆ ಉಳಿಯುವ ಬಗೆ ಎರಡು: 14ರ ತೂಕದ್ದು, 15ರ ತೂಕದ್ದು. ಎರಡೂ ಹೆಚ್ಚುಕಡಿಮೆ ಒಂದೇ ರೀತಿ ವರ್ತಿಸುತ್ತವೆ, ವಿಕಿರಣ ಸೂಸುವುದಿಲ್ಲ. ಸ್ಥಿರ ಐಸೋಟೋಪ್ ಎನ್ನುವುದು ಅದಕ್ಕೇ. ನಾವು ಉಸಿರಾಡುವ ಗಾಳಿಯ ಒಂದು ಲಕ್ಷ ಸಾರಜನಕ ಪರಮಾಣುಗಳಲ್ಲಿ ಸುಮಾರು 366 ಮಾತ್ರ ಭಾರದವು. ಈ ಪ್ರಮಾಣವನ್ನೇ ಸೊನ್ನೆ ಎಂದಿಟ್ಟುಕೊಂಡು, ಮಾದರಿಯಲ್ಲಿ ಭಾರದ್ದು ಸಾವಿರಕ್ಕೆ ಎಷ್ಟು ಪಾಲು ಹೆಚ್ಚು ಅಥವಾ ಕಡಿಮೆ ಎಂದು ಹೇಳುತ್ತಾರೆ. ಅದು ಡೆಲ್ಟಾ ಮೌಲ್ಯ. ಡೆಲ್ಟಾ 15 ಎಂದರೆ ಲಕ್ಷಕ್ಕೆ 366ರ ಬದಲು 372. ಆರು ಪರಮಾಣುಗಳ ವ್ಯತ್ಯಾಸ. ಊರಿನ ಜಗಳ ತೀರ್ಮಾನವಾಗಿದ್ದು ಈ ಆರರ ಮೇಲೆ.

ಕಾರ್ಖಾನೆಯ ಗೊಬ್ಬರವನ್ನು ಗಾಳಿಯ ಸಾರಜನಕದಿಂದಲೇ ಮಾಡುವುದು. ಹಾಗಾಗಿ ಅದರ ಮೌಲ್ಯ ಸೊನ್ನೆಯ ಆಚೀಚೆ, ಮೈನಸ್ 3ರಿಂದ ಪ್ಲಸ್ 3. ಗಾಳಿ ಮಳೆಯಿಂದ ಬಂದು ನೆಲದಲ್ಲಿ ಇಳಿದ ನೈಟ್ರೇಟ್ 2ರಿಂದ 8. ಮನುಷ್ಯರ, ದನಕರುಗಳ ಹೊಲಸಿನಿಂದ ಬಂದದ್ದು 10ರಿಂದ 20. ಗುಂಡಿಗೆ ಬೀಳುವಾಗ ನಮ್ಮ ಹೊಲಸು ಅಷ್ಟೇನೂ ಭಾರವಿರುವುದಿಲ್ಲ. ಮೂತ್ರದ ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ. ಗಾಳಿಗೆ ಹಾರಿಹೋಗುವಾಗ ಹಗುರದ್ದು ಮೊದಲು ಹಾರುತ್ತದೆ. ದಾರಿಯಲ್ಲಿ ನೈಟ್ರೇಟನ್ನು ತಿಂದು ಅನಿಲವಾಗಿ ಬಿಡುವ ಬ್ಯಾಕ್ಟೀರಿಯಾಗಳಿಗೂ ಹಗುರದ್ದೇ ಇಷ್ಟ. ಕೊನೆಗೆ ಕಡಲಿಗೆ ತಲುಪುವ ಪಾಲಿನಲ್ಲಿ ಭಾರದ್ದು ಹೆಚ್ಚಿರುತ್ತದೆ.

ವಾಕ್ವಾಯ್ಟ್ ಈ ಪರೀಕ್ಷೆಗೆ ಹೇಳಿ ಮಾಡಿಸಿದ ಜಾಗ. ಒಂದೇ ಕೊಲ್ಲಿ, ಒಂದೇ ಮರಳು, ಒಂದೇ ಮಳೆ. ಆದರೆ ಅದಕ್ಕೆ ಬಂದು ಸೇರುವ ಕವಲುಗಳ ಸುತ್ತ ಮನೆಗಳ ದಟ್ಟಣೆ ಬೇರೆ ಬೇರೆ. ಚೈಲ್ಡ್ಸ್ ನದಿಯ ಸುತ್ತ ಒತ್ತೊತ್ತಾಗಿ ಮನೆಗಳು. ಕ್ವಾಶ್ನೆಟ್ ನದಿಯ ಸುತ್ತ ಅದಕ್ಕಿಂತ ಕಡಿಮೆ. ಆಗ್ನೇಯ ಮೂಲೆಯ ಸೇಜ್ ಲಾಟ್ ಪಾಂಡ್‌ನ ಸುತ್ತ ಹೆಚ್ಚುಕಡಿಮೆ ಬರೀ ಕಾಡು. ವುಡ್ಸ್ ಹೋಲ್‌ನಲ್ಲಿದ್ದ ಬಾಸ್ಟನ್ ವಿಶ್ವವಿದ್ಯಾಲಯದ ಕಡಲ ವಿಭಾಗದ ಐವನ್ ವಲಿಯೆಲಾ ಮತ್ತು ಅವರ ವಿದ್ಯಾರ್ಥಿ ಜೇಮ್ಸ್ ಮೆಕ್ಲೆಲೆಂಡ್ 1990ರ ದಶಕದಲ್ಲಿ ಈ ಕವಲುಗಳಲ್ಲಿ ಅಂತರ್ಜಲ, ಪಾಚಿ, ಹುಲ್ಲು, ಚಿಪ್ಪುಜೀವಿ, ಮೀನು ಎಲ್ಲವನ್ನೂ ಹಿಡಿದು ಅಳೆದರು. 1997 ಮತ್ತು 1998ರಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಜಲಾನಯನದ ಸಾರಜನಕದಲ್ಲಿ ಮನೆಗಳ ಕೊಳಚೆಯ ಪಾಲು ಶೇಕಡಾ 4 ಇರುವಲ್ಲಿಂದ 86ಕ್ಕೆ ಏರಿದಂತೆ ಅಂತರ್ಜಲದ ನೈಟ್ರೇಟಿನ ಡೆಲ್ಟಾ ಮೌಲ್ಯ ಮೈನಸ್ 0.9ರಿಂದ ಪ್ಲಸ್ 14.9ಕ್ಕೆ ಏರುತ್ತದೆ. ಅಂತರ್ಜಲ ಕುಡಿದ ಪಾಚಿಯ ಮೌಲ್ಯವೂ ಅದರ ಜೊತೆಗೇ ಮೇಲೇರುತ್ತದೆ. ಪಾಚಿ, ಪ್ಲವಕ ತಿಂದವುಗಳಲ್ಲೂ ಅದೇ ಏರಿಕೆ. ಒಬ್ಬರನ್ನೊಬ್ಬರು ತಿನ್ನುವ ಪ್ರತಿ ಹಂತದಲ್ಲಿ ಮೌಲ್ಯ ಮೂರರಷ್ಟು ಹೆಚ್ಚುತ್ತದೆ ಎಂಬುದನ್ನು ಕಳೆದರೂ ವ್ಯತ್ಯಾಸ ಉಳಿಯುತ್ತದೆ. ಹಿತ್ತಲಿನ ಟ್ಯಾಂಕು ಮೀನಿನ ಮಾಂಸದಲ್ಲಿ ಸಿಕ್ಕಿಬಿತ್ತು.

ಇನ್ನೊಂದು ಲೆಕ್ಕ ನನಗೆ ಇದಕ್ಕಿಂತಲೂ ಹಿಡಿಸಿತು. ವಾಕ್ವಾಯ್ಟ್‌ನ ಜಲಾನಯನದ ಮೇಲೆ ಬೀಳುವ ಒಟ್ಟು ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು, ಶೇಕಡಾ 56, ಬರುವುದು ಆಕಾಶದಿಂದ. ಮನೆಗಳ ಕೊಳಚೆ 27, ಗೊಬ್ಬರ 14. ಅಷ್ಟಕ್ಕೇ ನಿಲ್ಲಿಸಿದ್ದರೆ ದೂರದ ಹೊಗೆಗೊಳವೆಗಳನ್ನು ಬೈದು ಎಲ್ಲರೂ ಮನೆಗೆ ಹೋಗಬಹುದಿತ್ತು. ಆದರೆ ಅಳಿವೆಗೆ ತಲುಪುವ ಸಾರಜನಕವನ್ನು ಲೆಕ್ಕ ಹಾಕಿದರೆ ಕೊಳಚೆ 48, ಆಕಾಶದ್ದು 30, ಗೊಬ್ಬರ 15. ಮಳೆಯ ಸಾರಜನಕ ಮೊದಲು ಬೀಳುವುದು ಎಲೆಯ ಮೇಲೆ, ತರಗಿನ ಮೇಲೆ, ಬೇರಿನ ಬಾಯಿಗೆ. ಕಾಡು ಅದನ್ನು ತಿಂದು ಉಳಿದದ್ದನ್ನು ಕೆಳಗೆ ಬಿಡುತ್ತದೆ. ಸೆಪ್ಟಿಕ್‌ನ ನೀರು ಹೊರಡುವುದೇ ಬೇರಿನ ಕೆಳಗಿನಿಂದ. ಕಾಡಿಗೆ ಅದರ ತಂಟೆಗೆ ಹೋಗಲು ಅವಕಾಶವೇ ಇಲ್ಲ. ಎಷ್ಟು ಸುರಿದಿರಿ ಎಂಬುದಕ್ಕಿಂತ ಎಲ್ಲಿ ಸುರಿದಿರಿ ಎಂಬುದು ಇಲ್ಲಿ ದೊಡ್ಡ ಮಾತು. ಕಾಡು ಕಡಿದು ಮನೆ ಕಟ್ಟುವವರು ಎರಡೂ ಕಡೆಯಿಂದ ಸಾಲ ಏರಿಸುತ್ತಾರೆ.

ಮಧ್ಯಾಹ್ನ ವುಡ್ಸ್ ಹೋಲ್ ಕಡೆಗೆ ಹೋದೆವು. 1888ರಲ್ಲಿ ಸ್ಥಾಪನೆಯಾದ ಕಡಲಜೀವಶಾಸ್ತ್ರ ಪ್ರಯೋಗಾಲಯ, 1930ರ ಸಾಗರವಿಜ್ಞಾನ ಸಂಸ್ಥೆ, ಇವೆರಡೂ ಇರುವ ಈ ಪುಟ್ಟ ಊರಿನಲ್ಲಿ ಹೋಟೆಲಿನ ಪಕ್ಕದ ಮೇಜಿನಲ್ಲೂ ಪ್ಲವಕದ ಮಾತೇ. ಶಿರಸಿಯವರ ಪ್ರಯೋಗಾಲಯದಲ್ಲಿ ಅವರು ಪಾಚಿಯ ಮಾದರಿ ತಯಾರಿಸುವುದನ್ನು ನೋಡುತ್ತ ನಿಂತೆ. ಪಾಚಿಯನ್ನು ತೊಳೆದು, ಅಂಟಿಕೊಂಡ ಸಿಗಡಿಮರಿ, ಶಂಖದ ಹುಳಗಳನ್ನು ಚಿಮಟದಲ್ಲಿ ಒಂದೊಂದಾಗಿ ತೆಗೆಯಬೇಕು. ಪ್ರಾಣಿಯ ಚೂರು ಉಳಿದರೆ ಮೌಲ್ಯ ಏರಿಬಿಡುತ್ತದೆ. ಓವನ್ನಿನಲ್ಲಿ ಒಣಗಿಸಿ, ಕಲ್ಬತ್ತಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಅರೆಯಬೇಕು. ಮಿಲಿಗ್ರಾಂಗಳ ಲೆಕ್ಕದಲ್ಲಿ ತೂಗುವ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ, ಉಸಿರು ಬಿಗಿಹಿಡಿದು, ತವರದ ಪುಟ್ಟ ಬಟ್ಟಲಿಗೆ ಒಂದಿಷ್ಟು ಪುಡಿ ಹಾಕಿದರು. ಎರಡು ಚಿಮಟಗಳಿಂದ ಬಟ್ಟಲಿನ ಬಾಯಿ ಮಡಚಿ, ಮತ್ತೆ ಮಡಚಿ, ಒತ್ತಿ ಉಂಡೆ ಮಾಡಿದರು. ಕೊತ್ತಂಬರಿ ಬೀಜದಷ್ಟು ದಪ್ಪ. ಇಂಥ ಉಂಡೆಗಳನ್ನು ಒಂದು ತಟ್ಟೆಯ ಕುಳಿಗಳಲ್ಲಿ ಸಾಲಾಗಿ ಇಟ್ಟು, ಪ್ರತಿಯೊಂದರ ಹೆಸರನ್ನು ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಯಂತ್ರ ಒಂದೊಂದನ್ನೇ ಸಾವಿರ ಡಿಗ್ರಿಯ ಕುಲುಮೆಗೆ ಬೀಳಿಸುತ್ತದೆ. ಆಮ್ಲಜನಕದಲ್ಲಿ ತವರ ಧಗ್ಗೆಂದು ಉರಿದು ಪಾಚಿಯಲ್ಲಿದ್ದ ಸಾರಜನಕವೆಲ್ಲ ಅನಿಲವಾಗುತ್ತದೆ. ಹೀಲಿಯಂ ಅದನ್ನು ಹೊತ್ತು ಮಾಸ್ ಸ್ಪೆಕ್ಟ್ರೋಮೀಟರಿಗೆ ಒಯ್ಯುತ್ತದೆ. ಅಲ್ಲಿ ಅಯಸ್ಕಾಂತದ ಬಾಗಿನಲ್ಲಿ 28, 29, 30 ತೂಕದ ಅಣುಗಳು ಬೇರೆಬೇರೆ ತಿರುವು ತೆಗೆದುಕೊಂಡು ಬೇರೆಬೇರೆ ಬಟ್ಟಲುಗಳಿಗೆ ಬೀಳುತ್ತವೆ. ಪರದೆಯ ಮೇಲೆ ಮೂರು ಗುಡ್ಡ ಏಳುತ್ತದೆ. ಅಷ್ಟೆ. ಊಟಕ್ಕೆ ಹೋಗಿ ಬರುವುದರೊಳಗೆ ಒಂದಿಷ್ಟು ಉಂಡೆ ಮುಗಿದಿರುತ್ತದೆ.

ನೀರಿನಲ್ಲಿ ಕರಗಿದ ನೈಟ್ರೇಟನ್ನೇ ಅಳೆಯುವುದು ಮೊದಲು ಬಹಳ ತಾಪತ್ರಯದ ಕೆಲಸವಾಗಿತ್ತು. 2001ರಲ್ಲಿ ಡೇನಿಯಲ್ ಸಿಗ್ಮನ್ ಮತ್ತು ಸಂಗಡಿಗರು ಒಂದು ಉಪಾಯ ಪ್ರಕಟಿಸಿದರು. ನೈಟ್ರೇಟನ್ನು ಅನಿಲ ಮಾಡುವ ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಕೊನೆಯ ಹೆಜ್ಜೆಯ ಕಿಣ್ವವೇ ಇಲ್ಲ. ಅವು ನೈಟ್ರಸ್ ಆಕ್ಸೈಡಿನಲ್ಲಿ ನಿಂತುಬಿಡುತ್ತವೆ. ಅಂಥವನ್ನು ಸಾಕಿ, ಸೀಸೆಯಲ್ಲಿ ಒಂದಿಷ್ಟು ಕಡಲನೀರು ಕೊಟ್ಟರೆ ನೈಟ್ರೇಟೆಲ್ಲ ಅಳೆಯಲು ಬರುವ ಅನಿಲವಾಗುತ್ತದೆ. ಸಾರಜನಕದ ಜೊತೆ ನೈಟ್ರೇಟಿನ ಆಮ್ಲಜನಕದ ಐಸೋಟೋಪನ್ನೂ ಓದಲು ಅದರಿಂದ ದಾರಿಯಾಯಿತು. ಮಳೆಯಿಂದ ನೇರ ಬಂದ ನೈಟ್ರೇಟಿನ ಆಮ್ಲಜನಕ ವಿಪರೀತ ಭಾರ. ಹಾಗಾಗಿ ಅದನ್ನು ಉಳಿದವುಗಳಿಂದ ಬೇರ್ಪಡಿಸಬಹುದು.

ಇದೆಲ್ಲ ಕೇಳಿ ಸೋದರಳಿಯನಿಗೆ ಹುರುಪು ಬಂತು. "ಹಾಗಾದರೆ ಬೆರಳಚ್ಚು ತೆಗೆದ ಹಾಗೆ! ಕಳ್ಳ ತಪ್ಪಿಸಿಕೊಳ್ಳುವ ಹಾಗೇ ಇಲ್ಲ." ಶಿರಸಿಯವರು ತಲೆ ಅಲ್ಲಾಡಿಸಿ, 1971ರ ಕಥೆ ಹೇಳಿದರು. ಇಲಿನಾಯ್ ರಾಜ್ಯದ ಡೆಕೇಟರ್ ಎಂಬ ಊರಿನ ಕುಡಿಯುವ ನೀರು ಬರುವುದು ಸಾಂಗಮನ್ ನದಿಗೆ ಕಟ್ಟಿದ ಕೆರೆಯಿಂದ. ಸುತ್ತ ಎಲ್ಲೆಲ್ಲೂ ಮೆಕ್ಕೆಜೋಳದ ಹೊಲ, ನೀರಿನಲ್ಲಿ ನೈಟ್ರೇಟ್ ಏರುತ್ತಿತ್ತು. ಬ್ಯಾರಿ ಕಾಮನರ್ ಮತ್ತು ಅವರ ಸಹೋದ್ಯೋಗಿಗಳಾದ ಕೋಲ್, ಶಿಯರರ್ ಐಸೋಟೋಪ್ ಅಳೆದು, ಆ ನೈಟ್ರೇಟಿನಲ್ಲಿ ಕನಿಷ್ಠ ಶೇಕಡಾ 55 ಗೊಬ್ಬರದ್ದು ಎಂದು 'ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಮಣ್ಣಿನ ವಿಜ್ಞಾನಿಗಳು ಮುಗಿಬಿದ್ದರು. ಅವರ ಆಕ್ಷೇಪ ತೀರಾ ಅಡ್ಡಮಾತಾಗಿರಲಿಲ್ಲ: ಮಣ್ಣಿನ ಸ್ವಂತ ಸಾರಜನಕದ ಮೌಲ್ಯ ಹೊಲದಿಂದ ಹೊಲಕ್ಕೆ ಬದಲಾಗುತ್ತದೆ, ಗೊಬ್ಬರ ನದಿ ಸೇರುವ ಮೊದಲು ಮಣ್ಣಿನೊಳಗೆ ಹತ್ತು ಬಾಯಿ ಸುತ್ತುತ್ತದೆ, ಹೀಗಿರುವಾಗ ಎರಡೇ ತುದಿ ಇಟ್ಟುಕೊಂಡು ಪಾಲು ಹಾಕುವುದು ಹೇಗೆ? ಗೊಬ್ಬರದ ಮೇಲೆ ದೂರು ಹೊರಿಸಿದ್ದು ಸರಿಯೇ ಇರಬಹುದು, ಆದರೆ 55 ಎಂಬ ಅಂಕಿಗೆ ಅಂದಿನ ವಿಧಾನ ಸಾಕಾಗುತ್ತಿರಲಿಲ್ಲ ಎಂದೇ ನನಗೂ ಅನ್ನಿಸುತ್ತದೆ. ವಾಕ್ವಾಯ್ಟ್‌ನಲ್ಲಿ ಮಾತು ನಿಂತದ್ದು ಐಸೋಟೋಪ್ ಒಂದರಿಂದಲೇ ಅಲ್ಲ. ಮನೆ ಎಣಿಸಿ, ಹುಲ್ಲುಹಾಸು ಅಳೆದು, ಅಂತರ್ಜಲ ಯಾವ ಕಡೆ ಸಾಗುತ್ತದೆ ಎಂದು ನಕ್ಷೆ ಬರೆದು, ಅದರ ಪಕ್ಕದಲ್ಲಿ ಈ ಮೌಲ್ಯಗಳನ್ನು ಇಟ್ಟರು. ಎರಡು ಬೇರೆ ದಾರಿಯ ಲೆಕ್ಕ ಒಂದೇ ಮನೆಬಾಗಿಲಿಗೆ ಬಂದು ನಿಂತಿತು.

ಇದೇ ಉಪಾಯವನ್ನು ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿಯ ಮೊರ್ಟನ್ ಕೊಲ್ಲಿಯಲ್ಲಿ ತಿರುಗಿಸಿ ಬಳಸಿದ್ದಾರೆ. ಅಲ್ಲಿ ಇದ್ದ ಪಾಚಿಯನ್ನು ಹುಡುಕುವ ಬದಲು, ಕೆಟೆನೆಲ್ಲ ಎಂಬ ಕೆಂಪು ಪಾಚಿಯನ್ನು ತೂತು ಕೊರೆದ ಪಾರದರ್ಶಕ ಡಬ್ಬಿಗಳಲ್ಲಿ ಹಾಕಿ, ಕೊಲ್ಲಿಯ ತುಂಬ ನಾಲ್ಕು ದಿನ ನೀರಿನಲ್ಲಿ ತೂಗಬಿಟ್ಟರು. ಆಮೇಲೆ ಒಂದೊಂದು ಡಬ್ಬಿಯ ಮೌಲ್ಯವನ್ನೂ ನಕ್ಷೆಯ ಮೇಲೆ ಗುರುತು ಮಾಡಿದರೆ, ಶುದ್ಧೀಕರಣ ಘಟಕಗಳ ನೀರು ಬಂದು ಸೇರುವ ನದಿಬಾಯಿಗಳಿಂದ ಕೊಳಚೆಯ ಸಾರಜನಕ ಎಲ್ಲಿಯವರೆಗೆ ಹರಡಿದೆ ಎಂದು ಕಾಣಿಸಿತು. 2001ರಲ್ಲಿ ಕೊಸ್ಟಾಂಜೊ ಮತ್ತು ಜೊತೆಗಾರರು ಇದನ್ನು ಪ್ರಕಟಿಸಿದರು. ನೀರಿನ ಮಾದರಿ ಹಿಡಿದ ಕ್ಷಣದ ಸಂಗತಿ ಮಾತ್ರ ಹೇಳುತ್ತದೆ, ಉಬ್ಬರ ಬಂದರೆ ಮುಗಿಯಿತು. ಪಾಚಿ ನಾಲ್ಕು ದಿನ ಉಂಡದ್ದರ ಲೆಕ್ಕ ಕೊಡುತ್ತದೆ.

ವುಡ್ಸ್ ಹೋಲ್‌ನಿಂದ ವಾಪಸು ಬರುವಾಗ ದಾರಿಯಲ್ಲಿ ಸೇನಾನೆಲೆಯ ಬೇಲಿ ಸಿಗುತ್ತದೆ. 1936ರಿಂದ 1995ರವರೆಗೆ ಅಲ್ಲಿಯ ಶುದ್ಧೀಕರಿಸಿದ ಕೊಳಚೆಯನ್ನು ಮರಳಿನ ಮಡಿಗಳಿಗೆ ಬಿಟ್ಟು ಇಂಗಿಸುತ್ತಿದ್ದರು. ಆ ನೀರು ನೆಲದಡಿಯಲ್ಲಿ ದಕ್ಷಿಣಕ್ಕೆ ಮೈಲಿಗಟ್ಟಲೆ ಉದ್ದದ ನಾಲಿಗೆಯಾಗಿ ಚಾಚಿತು. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಆ ನಾಲಿಗೆಗೆ ನೂರಾರು ಕೊಳವೆಗಳನ್ನು ಇಳಿಸಿ ದಶಕಗಳ ಕಾಲ ಹಿಂಬಾಲಿಸಿದ್ದಾರೆ. ಮಡಿಗಳಿಗೆ ನೀರು ಬಿಡುವುದು ನಿಂತ ಮೇಲೂ ಅದು ತಕ್ಷಣ ಅಳಿಸಿಹೋಗಲಿಲ್ಲ. ದಿನಕ್ಕೆ ಒಂದು ಅಡಿ ಎಂದರೆ ವರ್ಷಕ್ಕೆ ನೂರು ಚಿಲ್ಲರೆ ಮೀಟರು. ಕಡಲಿಂದ ಮೂರು ಕಿಲೋಮೀಟರ್ ಒಳಗಿರುವ ಮನೆಯ ಗುಂಡಿಯ ನೈಟ್ರೇಟ್ ಈಗ ಕೊಲ್ಲಿಗೆ ತಲುಪುತ್ತಿದ್ದರೆ ಅದು ಹೊರಟದ್ದು ಸುಮಾರು ಮೂವತ್ತು ವರ್ಷದ ಹಿಂದೆ. ಅದನ್ನು ಬಿಟ್ಟವರು ಮನೆ ಮಾರಿ ಹೋಗಿರಬಹುದು, ತೀರಿಕೊಂಡೂ ಇರಬಹುದು.

ಇನ್ನು ದುಡ್ಡಿನ ಮಾತು. ಕೇಪ್ ಕಾಡ್‌ನ ಜಲಾನಯನಗಳಲ್ಲಿ ಹಿಡಿತಕ್ಕೆ ಸಿಗುವ ಸಾರಜನಕದಲ್ಲಿ ಸುಮಾರು ಶೇಕಡಾ 80 ಸೆಪ್ಟಿಕ್ ಟ್ಯಾಂಕುಗಳದ್ದು ಎಂದು ಅಲ್ಲಿಯ ಪ್ರಾದೇಶಿಕ ಯೋಜನಾ ಆಯೋಗದ ಲೆಕ್ಕ. 2023ರ ಜುಲೈನಲ್ಲಿ ರಾಜ್ಯ ನಿಯಮ ಬಿಗಿ ಮಾಡಿತು: ಊರಾಡಳಿತ ಇಡೀ ಜಲಾನಯನಕ್ಕೆ 20 ವರ್ಷದ ಯೋಜನೆ ಹಾಕಿಕೊಂಡು ಪರವಾನಗಿ ಪಡೆಯಬೇಕು, ಇಲ್ಲದಿದ್ದರೆ ಸೂಕ್ಷ್ಮ ಪ್ರದೇಶದ ಪ್ರತಿ ಮನೆಯವರೂ ಐದು ವರ್ಷದೊಳಗೆ ಸಾರಜನಕ ತೆಗೆಯುವ ಹೊಸ ಟ್ಯಾಂಕು ಹಾಕಿಸಬೇಕು. ಹತ್ತಾರು ಸಾವಿರ ಡಾಲರಿನ ಬಾಬತ್ತು. ಊರು ಸಭೆಗಳಲ್ಲಿ ಇದರ ಮೇಲೆ ಕೂಗಾಟ ನಡೆಯುವುದು ಸಹಜ. ಮೂಲ ಯಾವುದೆಂದು ಗೊತ್ತಾದ ಮಾತ್ರಕ್ಕೆ ಬಿಲ್ಲು ಯಾರದೆಂದು ತೀರ್ಮಾನವಾಗುವುದಿಲ್ಲ. ಕೊಲ್ಲಿಯ ದಡದಲ್ಲಿ ಬೇಸಿಗೆಗೆ ಮಾತ್ರ ಬರುವ ಸಿರಿವಂತರು, ಒಳಗೆ ವರ್ಷವಿಡೀ ಬದುಕುವ ಪ್ಲಂಬರ್, ಶಿಕ್ಷಕಿ, ಇಬ್ಬರ ಮೂತ್ರಕ್ಕೂ ಡೆಲ್ಟಾ ಮೌಲ್ಯ ಒಂದೇ. ಇವರೆಲ್ಲರಿಗಿಂತ ಸಾವಿರಾರು ವರ್ಷ ಮುಂಚಿನಿಂದ ಇಲ್ಲಿ ಕ್ವಾಹಾಗ್ ಚಿಪ್ಪುಗಳನ್ನು ಬಗೆದು ತಿಂದು, ಅದರ ನೇರಳೆ ಅಂಚಿನಿಂದ ವಾಂಪಮ್ ಮಣಿ ಕೊರೆಯುತ್ತ ಬಂದ ವಾಂಪನೋಗ್ ಜನ ಮ್ಯಾಶ್‌ಪೀಯಲ್ಲಿ ಇಂದಿಗೂ ಇದ್ದಾರೆ. ನೀರು ಕೆಟ್ಟದ್ದರ ಖರ್ಚನ್ನು ಅವರು ಎಂದೋ ಕಟ್ಟತೊಡಗಿದ್ದಾರೆ, ಯಾವ ಬಿಲ್ಲೂ ಇಲ್ಲದೆ.

ಪ್ರಯೋಗಗಳಿಗೇನೂ ಕೊರತೆಯಿಲ್ಲ. ಸಂಶೋಧನಾ ಕ್ಷೇತ್ರದ ದಿಬ್ಬದ ಕೆಳಗೆ, ಮರಳದಂಡೆಯಲ್ಲೇ, 2005ರಲ್ಲಿ ಅಡ್ಡಕ್ಕೆ ಕಂದಕ ತೋಡಿ ಮರದ ಚಕ್ಕೆ ತುಂಬಿಸಿ ಮುಚ್ಚಿದ್ದಾರೆ. ಅಂತರ್ಜಲ ಅದರ ಮೂಲಕ ಹಾಯುವಾಗ ಬ್ಯಾಕ್ಟೀರಿಯಾಗಳು ಚಕ್ಕೆ ತಿಂದುಕೊಂಡು ನೈಟ್ರೇಟನ್ನು ಗಾಳಿ ಮಾಡಿ ಬಿಡುತ್ತವೆ. ಮನೆಗಳ ಕೊಳಚೆಯ ಸಾರಜನಕದಲ್ಲಿ ಹೆಚ್ಚಿನ ಪಾಲು ಇರುವುದು ಮೂತ್ರದಲ್ಲಿ. ಅದನ್ನು ಕಮೋಡಿನಲ್ಲೇ ಬೇರೆ ಮಾಡಿ ಸಂಗ್ರಹಿಸುವ ಪ್ರಯತ್ನವೂ ಫಾಲ್ಮತ್‌ನಲ್ಲಿ ನಡೆದಿದೆ. ಎಲ್ಲಕ್ಕಿಂತ ಅಗ್ಗದ್ದು ಇದೇ ಎಂದು ನನಗೆ ತೋರಿತು. ಸೋದರಳಿಯ ಒಪ್ಪಲಿಲ್ಲ. ಅಂಥ ಕಮೋಡು ಇರುವ ಮನೆಯನ್ನು ಆಮೇಲೆ ಮಾರುವುದು ಹೇಗೆ ಎಂಬುದು ಅವನ ಪ್ರಶ್ನೆ.

ಸಂಜೆ ಶಿರಸಿಯವರನ್ನು ಬೀಳ್ಕೊಡುವ ಮೊದಲು, ಇದನ್ನೆಲ್ಲ ನಮ್ಮ ಕುಮಟಾದ ಅಘನಾಶಿನಿಯಲ್ಲಿ ಮಾಡಬಹುದೇ ಎಂದು ಕೇಳಿದೆ. ಆ ಅಳಿವೆ 2024ರಲ್ಲಿ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಾವಿರಾರು ಜನ ಅಲ್ಲಿ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಿ ಬದುಕುತ್ತಾರೆ. ಮನೆಮನೆಗೂ ಒಂದು ಬಾವಿ, ಒಂದು ಗುಂಡಿ ಎಂಬುದು ನಮ್ಮ ಕರಾವಳಿಯಲ್ಲೂ ಉಂಟು.

"ಮಾಡಬಹುದು ಸರ್, ಆದರೆ ಇಲ್ಲಿಯ ಕೋಷ್ಟಕ ಅಲ್ಲಿಗೆ ಒಯ್ಯಬೇಡಿ," ಎಂದರು. ಅರಬ್ಬಿ ಸಮುದ್ರದ ನಡುಆಳದಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಅಲ್ಲಿಯ ಬ್ಯಾಕ್ಟೀರಿಯಾಗಳು ಹಗುರ ನೈಟ್ರೇಟನ್ನು ತಿಂದು ಮುಗಿಸುತ್ತಿರುವುದರಿಂದ ಉಳಿದದ್ದರ ಡೆಲ್ಟಾ ಮೌಲ್ಯ 15ರವರೆಗೂ ಏರುತ್ತದೆ. ಒಂದು ಮನೆಯ ಕೊಳಚೆಯೂ ಸೇರದ ನೀರು, ಚೈಲ್ಡ್ಸ್ ನದಿಯ ಅಂಕಿ! ಮಳೆಗಾಲದಲ್ಲಿ ಕೆಳಗಿನ ನೀರು ಮೇಲಕ್ಕೆ, ದಡದ ಕಡೆಗೆ ಬರುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಪಶ್ಚಿಮ ಕರಾವಳಿಯ ತೆಳುಕಡಲಿನ ತಳದಲ್ಲೂ ಆಮ್ಲಜನಕ ಮುಗಿದಿರುತ್ತದೆ. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು ಇದು ಹಿಂದಿಗಿಂತ ತೀವ್ರವಾಗುತ್ತಿದೆ ಎಂದು 2000ದಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಹೆಸರುವಾಸಿ.

"ಸೆಪ್ಟೆಂಬರಿನಲ್ಲಿ ಅಳಿವೆಯ ಬಾಯಲ್ಲಿ ನಿಂತು ಮಾದರಿ ತೆಗೆದು, ಊರಿನ ಗುಂಡಿಯದು ಎಂದರೆ ಯಾರೂ ನಂಬಬಾರದು. ಗಜನಿ ಗದ್ದೆಗಳ ಸಿಗಡಿ ಹೊಂಡಗಳೂ ಇವೆ ನೋಡಿ. ಮೀನುಪುಡಿ ಸೇರಿದ ತೀನಿ ಮೊದಲೇ ಭಾರದ್ದು, ಅದನ್ನೂ ಅಳೆಯಬೇಕು." ಎಲ್ಲಿಂದ ಶುರು ಮಾಡುವುದು ಎಂದೆ. "ಬಳಚಿನ ಮಾಂಸದಿಂದ. ಅದು ತಿಂಗಳುಗಟ್ಟಲೆ ಉಂಡದ್ದನ್ನು ಹಿಡಿದಿಟ್ಟಿರುತ್ತದೆ. ಮನೆಗಳಿಲ್ಲದ ಒಂದು ಕವಲು ಹುಡುಕಿ ಅಲ್ಲಿಯದೂ ಬೇಕು. ಫೆಬ್ರವರಿ, ಮಾರ್ಚಿನಲ್ಲಿ ಹೋಗಿ. ಅದಕ್ಕೂ ಮೊದಲು ಬಾವಿ. ಗುಂಡಿ ಬಾವಿಯಿಂದ ಎಷ್ಟು ದೂರ ಎಂದು ಮನೆಮನೆಗೆ ಹೋಗಿ ಕೇಳಬೇಕು. ಆ ಒಂದು ಪ್ರಶ್ನೆಗೇ ಅರ್ಧ ಊರು ನಿಮ್ಮ ಹತ್ತಿರ ಮಾತು ಬಿಡುತ್ತದೆ."